ಸೇವಂತಿಗೆಗೆ ಬೇಕಾದ ರಾತ್ರಿ

ಮನೆಯೊಳಗೆ ಎಲ್‌ಇಡಿ ದೀಪ ಕಟ್ಟಿ ಹೂಗಿಡ ಬೆಳೆಸಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ವ್ಯಾಟ್ ಎಷ್ಟು, ಬಣ್ಣ ಯಾವುದು, ಬೆಲೆ ಎಷ್ಟು ಎಂದು. ಮೂರೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಸೇವಂತಿಗೆ ಬೆಳೆಸುವವರು ಅಂಗಡಿಗೆ ಹೋಗುವ ಮೊದಲೇ ತಮ್ಮ ಮನೆಯನ್ನು ಒಂದು ಪ್ರಶ್ನೆ ಕೇಳಬೇಕು: ಈ ಮೂಲೆಯಲ್ಲಿ ದಿನಕ್ಕೆ ಎಷ್ಟು ತಾಸು ಪೂರ್ತಿ ಕತ್ತಲೆ ಸಿಗುತ್ತದೆ? ದೀಪ ಒಳ್ಳೆಯದಿದ್ದು ರಾತ್ರಿ ಕೆಟ್ಟದ್ದಾದರೆ ಗಿಡ ಸೊಂಪಾಗಿ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ದೀಪ ಸಾಧಾರಣವಾಗಿದ್ದು ರಾತ್ರಿ ಒಳ್ಳೆಯದಿದ್ದರೆ ನಾಲ್ಕು ಹೂವಾದರೂ ಖಂಡಿತ ಸಿಗುತ್ತವೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದಂಥ ಊರುಗಳಲ್ಲಿ ಈ ಹವ್ಯಾಸ ಸೋಲುವುದಾದರೆ ಅದು ಬೆಳಕಿನ ಕೊರತೆಯಿಂದಲ್ಲ, ಕತ್ತಲೆಯ ಕೊರತೆಯಿಂದ ಎಂಬುದು ನನ್ನ ವಾದ.

ಹೂವಿಗೂ ರಾತ್ರಿಗೂ ಇರುವ ಈ ನಂಟು ಗೊತ್ತಾದದ್ದು ನಮಗೆ ಬಹಳ ಪರಿಚಯದ ಬೆಳೆಯೊಂದರಿಂದ. ನಿಪ್ಪಾಣಿಯ ಸುತ್ತಿನ ಹೊಲಗಳಲ್ಲಿ ತಲೆಮಾರುಗಳಿಂದ ಬೆಳೆಯುತ್ತಿರುವ ತಂಬಾಕಿನದೇ ಒಂದು ತಳಿ, ಹೆಸರು ಮೇರಿಲ್ಯಾಂಡ್ ಮ್ಯಾಮತ್, ಅಮೆರಿಕದ ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಕಚ್ಚುತ್ತಿರಲಿಲ್ಲ. ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ತಾನಾಗಿ ಹೂ ಬಿಡುತ್ತಿತ್ತು. ಅಲ್ಲಿನ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಮಣ್ಣು, ನೀರು, ಸೆಕೆ ಎಲ್ಲವನ್ನೂ ಅನುಮಾನಿಸಿ ಕೊನೆಗೆ ಬೇಸಿಗೆಯ ಸಂಜೆಗಳಲ್ಲಿ ಕುಂಡಗಳನ್ನು ಕತ್ತಲ ಕೊಠಡಿಗೆ ಸೇರಿಸಿ ನೋಡಿದರು. ಗಿಡ ಹೂ ಬಿಟ್ಟಿತು. 1920ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಗಿಡ ಅಳೆಯುವುದು ಹಗಲನ್ನು ಎಂದು ಎಲ್ಲರೂ ಭಾವಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಮುಳ್ಳುಕಾಯಿಯ ಕಳೆಗಿಡವೊಂದರ ಮೇಲೆ ಮಾಡಿದ ಪ್ರಯೋಗ ಆ ಭಾವನೆಯನ್ನು ತಿರುಗಿಸಿತು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡಕ್ಕೆ ಏನೂ ಅನ್ನಿಸಲಿಲ್ಲ. ದೀರ್ಘ ರಾತ್ರಿಯ ನಡುವೆ ಕೆಲವೇ ನಿಮಿಷ ದೀಪ ಹಚ್ಚಿದರೆ ಹೂವೇ ಬರಲಿಲ್ಲ. ಗಿಡ ಲೆಕ್ಕ ಇಡುವುದು ಕಡಿಯದೆ ಸಾಗುವ ಕತ್ತಲೆಯನ್ನು.

ಸೇವಂತಿಗೆ ಈ ಲೆಕ್ಕದಲ್ಲಿ ಪಳಗಿದ ಗಿಡ. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೈಲಾಖ್ಯಾನ್ ಸೇವಂತಿಗೆಯ ಮೇಲ್ಭಾಗದ ಎಲೆ ಕಿತ್ತು, ಕೆಳಗಿನ ಎಲೆಗಳಿಗೆ ಮಾತ್ರ ದೀರ್ಘ ರಾತ್ರಿ ಕೊಟ್ಟು, ತುದಿಯನ್ನು ಬೆಳಕಿನಲ್ಲೇ ಬಿಟ್ಟರು. ತುದಿಯಲ್ಲಿ ಮೊಗ್ಗು ಬಂತು. ಕತ್ತಲೆಯನ್ನು ಗುರುತಿಸುವುದು ಎಲೆ, ಅಲ್ಲಿಂದ ಏನೋ ಒಂದು ತುದಿಗೆ ಹರಿದು ಹೋಗುತ್ತದೆ ಎಂದು ಊಹಿಸಿ ಅವರು ಅದಕ್ಕೆ ಫ್ಲೋರಿಜೆನ್ ಎಂದು ಹೆಸರಿಟ್ಟರು. ಆ ವಸ್ತು ಒಂದು ಪ್ರೋಟೀನ್ ಎಂದು ಖಚಿತವಾಗಲು ಈ ಶತಮಾನವೇ ಬರಬೇಕಾಯಿತು. 2013ರಲ್ಲಿ ಜಪಾನಿನ ಸಂಶೋಧಕರು ಕಾಡು ಸೇವಂತಿಗೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರೋಟೀನನ್ನೂ ಕಂಡುಹಿಡಿದರು: ರಾತ್ರಿ ಚಿಕ್ಕದಾಗಿದ್ದಾಗ, ಅಥವಾ ನಡುರಾತ್ರಿ ಬೆಳಕು ಬಿದ್ದಾಗ, ಎಲೆಯಲ್ಲಿ ಹುಟ್ಟಿ ಹೂವನ್ನು ತಡೆಯುವಂಥದ್ದು. ಅಂದರೆ ಕೆಟ್ಟ ರಾತ್ರಿ ಹೂವಿನ ಸಂದೇಶವನ್ನು ಕಡಿಮೆ ಮಾಡಿ ಸುಮ್ಮನಾಗುವುದಿಲ್ಲ; ಬೇಡ ಎಂಬ ಸಂದೇಶವನ್ನೂ ಕಳುಹಿಸುತ್ತದೆ. ಮನೆಯಲ್ಲಿ ಬೆಳೆಸುವವರಿಗೆ ಇದರಿಂದ ಸಿಗುವ ಕೆಲಸದ ಸೂಚನೆ ಒಂದಿದೆ. ಕತ್ತಲೆಗೆಂದು ಬಟ್ಟೆ ಮುಚ್ಚುವಾಗ ತುದಿ ಮುಚ್ಚಿದರೆ ಸಾಲದು, ಬುಡದ ಎಲೆಯೂ ಒಳಗಿರಬೇಕು.

ಈಗ ನಮ್ಮ ಊರಿನ ರಾತ್ರಿಯನ್ನು ನೋಡೋಣ. ಕೊಲ್ಹಾಪುರ ಇರುವುದು ಸುಮಾರು ಹದಿನೇಳು ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ತಿಂಗಳ ಅತಿ ದೀರ್ಘ ಹಗಲು ಇಲ್ಲಿ 13 ತಾಸಿಗೆ ಸ್ವಲ್ಪ ಹೆಚ್ಚು, ಡಿಸೆಂಬರಿನ ಅತಿ ಚಿಕ್ಕ ಹಗಲು 11 ತಾಸಿಗೆ ಸ್ವಲ್ಪ ಹೆಚ್ಚು. ವರ್ಷವಿಡೀ ನಡೆಯುವ ಆಟವೆಲ್ಲ ಈ ಎರಡು ತಾಸಿನೊಳಗೆ. ಅಷ್ಟು ಸಣ್ಣ ವ್ಯತ್ಯಾಸವನ್ನೂ ಗಿಡಗಳು ಹಿಡಿಯುತ್ತವೆ. ಮಳೆಗಾಲ ಮುಗಿದು ರಾತ್ರಿ ಬೆಳೆದಂತೆ ಪಂಚಗಂಗೆಯ ದಡದ ಕಬ್ಬಿಗೆ ಸೂಲಂಗಿ ಬರುವುದೂ ಇದೇ ಲೆಕ್ಕದಿಂದ. ಇಂಥ ಊರಿನಲ್ಲಿ ಡಿಸೆಂಬರಿನ ಹದಿಮೂರು ತಾಸಿನ ರಾತ್ರಿಯನ್ನು ನಂಬಿ ಸೇವಂತಿಗೆಯ ಕುಂಡವನ್ನು ಪಡಸಾಲೆಯಲ್ಲಿಟ್ಟರೆ ಏನಾಗುತ್ತದೆ? ಸೂರ್ಯ ಮುಳುಗುವುದು ಆರಕ್ಕೆ, ಟ್ಯೂಬ್‌ಲೈಟ್ ಆರುವುದು ಹನ್ನೊಂದಕ್ಕೆ, ಬೆಳಗಾಗುವುದು ಏಳಕ್ಕೆ. ಗಿಡದ ಪಾಲಿಗೆ ಉಳಿದ ರಾತ್ರಿ ಎಂಟೇ ತಾಸು. ಅದು ಲಂಡನ್ನಿನ ಜೂನ್ ತಿಂಗಳ ರಾತ್ರಿಗೆ ಹತ್ತಿರ. ಕೊಲ್ಹಾಪುರದಲ್ಲಿ ಯಾವ ತಿಂಗಳೂ ಬಾರದ ರಾತ್ರಿ.

ಟ್ಯೂಬ್‌ಲೈಟಿನ ಆ ಮಂದ ಬೆಳಕು ಅಷ್ಟು ಕೆಲಸ ಮಾಡೀತೇ ಎಂದು ಕೇಳುವವರಿದ್ದಾರೆ. ಇದೇ ಈ ವಿಷಯದ ತಿರುಳು. ಕುಂಡದ ಸೇವಂತಿಗೆ ಚೆನ್ನಾಗಿ ಬೆಳೆಯಬೇಕಾದರೆ ಬಿಳಿ ಎಲ್‌ಇಡಿಯ ಬೆಳಕು ಎಲೆಯ ಮೇಲೆ ಹದಿನೈದು ಸಾವಿರ ಲಕ್ಸ್‌ನಷ್ಟಾದರೂ ಬೀಳಬೇಕು. ಆದರೆ ವಾಣಿಜ್ಯ ಬೆಳೆಗಾರರು ಹೂವನ್ನು ತಡೆಯಲೆಂದೇ ನಡುರಾತ್ರಿ ಕೊಡುವ ಬೆಳಕು ನೂರು ಲಕ್ಸ್ ಆಸುಪಾಸಿನದು. ಹೊಟ್ಟೆ ತುಂಬಿಸುವ ಬೆಳಕಿಗೂ ನಿದ್ದೆ ಕೆಡಿಸುವ ಬೆಳಕಿಗೂ ನೂರೈವತ್ತು ಪಟ್ಟು ಅಂತರ. ಎಲೆಯಲ್ಲಿರುವ ಫೈಟೊಕ್ರೋಮ್ ಎಂಬ ವರ್ಣಕ ಕೆಂಪು ಬೆಳಕು ತಾಗಿದೊಡನೆ ಚುರುಕಾದ ರೂಪಕ್ಕೆ ತಿರುಗುತ್ತದೆ, ಕತ್ತಲೆಯಲ್ಲಿ ನಿಧಾನಕ್ಕೆ ಹಿಂದಿನ ಸ್ಥಿತಿಗೆ ಇಳಿಯುತ್ತದೆ. ಅದನ್ನು ಎಚ್ಚರಿಸಲು ಬಹಳ ಬೆಳಕು ಬೇಕಿಲ್ಲ. ಕರ್ನಾಟಕದ ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆ ರೈತರು ರಾತ್ರಿ ಹೊಲದಲ್ಲಿ ಬಲ್ಬುಗಳ ಸಾಲು ಉರಿಸುವುದು ಗಿಡ ಬೇಗ ಹೂ ಬಿಡಲೆಂದಲ್ಲ. ದಂಟು ಉದ್ದವಾಗುವವರೆಗೆ ಮೊಗ್ಗನ್ನು ತಡೆದು ನಿಲ್ಲಿಸಲು. ಅವರು ದುಡ್ಡು ಕೊಟ್ಟು, ತಿಳಿದು ಮಾಡುವ ಈ ತಡೆಯನ್ನೇ ನಾವು ಮನೆಯಲ್ಲಿ ತಿಳಿಯದೆ ಮಾಡುತ್ತೇವೆ.

ಇಚಲಕರಂಜಿಯಲ್ಲಿ ಈ ತೊಂದರೆ ಇನ್ನೂ ದೊಡ್ಡದು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಂದಿನಿಂದ ಬೆಳೆದ ಊರು ಅದು. ಮಗ್ಗದ ಶೆಡ್ಡು ಮತ್ತು ಮನೆ ಗೋಡೆಗೆ ಗೋಡೆ ತಾಗಿ ನಿಂತಿರುವ ಓಣಿಗಳು ಅಲ್ಲಿ ಎಷ್ಟೋ. ರಾತ್ರಿ ಪಾಳಿಯಲ್ಲಿ ನೂಲು ಕಡಿದದ್ದು ಕಣ್ಣಿಗೆ ಕಾಣಬೇಕಾದ್ದರಿಂದ ದೀಪ ಪ್ರಖರವಾಗಿಯೇ ಇರುತ್ತದೆ, ಇರಲೂ ಬೇಕು. ಆ ಬೆಳಕು ಬೀಳುವ ಕಿಟಕಿಯ ಹತ್ತಿರ ಸೇವಂತಿಗೆ ಇಟ್ಟು ಗೊಬ್ಬರ ಬದಲಿಸುತ್ತ ಕೂತರೆ ಉಪಯೋಗವಿಲ್ಲ. ಅಂಥ ಮನೆಯಲ್ಲಿ ಕಪಾಟಿನೊಳಗೆ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ಎಲ್‌ಇಡಿ ಕಟ್ಟುವುದೇ ಸರಿ. ಹಗಲನ್ನು ದೀಪ ಕೊಡುತ್ತದೆ, ರಾತ್ರಿಯನ್ನು ಬಾಗಿಲು ಕಾಯುತ್ತದೆ. ಹತ್ತಿಯ ದೂಳು ಎಲೆಯ ಮೇಲೆ ಕೂತು ಬೆಳಕು ತಿನ್ನುವುದರಿಂದ ಎಲೆಗಳನ್ನು ಆಗಾಗ ಒದ್ದೆ ಬಟ್ಟೆಯಿಂದ ಒರೆಸಬೇಕು, ಅಷ್ಟೇ.

ಬಿಸಿಲಿನ ನಾಡಿನಲ್ಲಿ ದೀಪ ಯಾಕೆ ಎಂಬುದು ನ್ಯಾಯವಾದ ಆಕ್ಷೇಪ. ಅಂಗಳವಿದ್ದು, ಅಂಗಳದಲ್ಲಿ ಬೀದಿದೀಪ ಬೀಳದಿದ್ದರೆ ದೀಪ ಬೇಡ; ಗಡಹಿಂಗ್ಲಜದ ಸುತ್ತಿನ ಹಳ್ಳಿಗಳಲ್ಲಿ ಹಿತ್ತಲ ಸೇವಂತಿಗೆಗೆ ಸೂರ್ಯನೇ ಸಾಕು. ಆದರೆ ಗಗನಬಾವಡಾದ ಕಡೆಯಿಂದ ಬರುವ ಮಳೆಮೋಡ ಜುಲೈ, ಆಗಸ್ಟ್‌ಗಳಲ್ಲಿ ದಿನಗಟ್ಟಲೆ ಬಿಸಿಲನ್ನು ತಡೆಯುತ್ತದೆ, ದಸರೆ ದೀಪಾವಳಿಗೆ ಹೂ ಬೇಕಾದ ಗಿಡ ಬಲಿಯಬೇಕಾದದ್ದು ಅದೇ ತಿಂಗಳುಗಳಲ್ಲಿ. ವಿದ್ಯುತ್ ಖರ್ಚಿನ ಆಕ್ಷೇಪಕ್ಕೆ ಲೆಕ್ಕವೇ ಉತ್ತರ. ಎರಡಡಿ ಚೌಕದ ಜಾಗಕ್ಕೆ ಒಳ್ಳೆಯ 40 ವ್ಯಾಟಿನ ದೀಪ, ದಿನಕ್ಕೆ 11 ತಾಸು: ತಿಂಗಳಿಗೆ 13 ಯುನಿಟ್ಟಿನ ಸುತ್ತಮುತ್ತ. ನೇರಳೆ ಬಣ್ಣದ ದೀಪವೇ ಬೇಕೇ ಎಂಬ ಪ್ರಶ್ನೆಗೆ ಬೇಡ ಎನ್ನುತ್ತೇನೆ. ಎಲೆ ಕೆಂಪು, ನೀಲಿಯನ್ನಷ್ಟೇ ಬಳಸುತ್ತದೆ ಎಂಬ ನಂಬಿಕೆ ಆ ದೀಪಗಳನ್ನು ಮಾರಿತು. 1972ರಲ್ಲಿ ಮೆಕ್‌ಕ್ರೀ ಇಪ್ಪತ್ತೆರಡು ಜಾತಿಯ ಬೆಳೆಗಳ ಎಲೆಗಳನ್ನು ಒಂದೊಂದೇ ಬಣ್ಣದ ಬೆಳಕಿನಲ್ಲಿ ಅಳೆದು, ಹಸಿರು ಬೆಳಕೂ ಗಣನೀಯವಾಗಿ ಆಹಾರವಾಗುತ್ತದೆ ಎಂದು ತೋರಿಸಿದ್ದರು. ನೀಲಿ ಎಲ್‌ಇಡಿಗೆ ಹಳದಿ ಬೆಳಕು ಸೂಸುವ ಫಾಸ್ಫರ್ ಲೇಪ ಬಳಿದು ಮಾಡುವ ಬಿಳಿ ದೀಪ ಅಗ್ಗ, ಎಲ್ಲೆಡೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಬೆಳಕಿನಲ್ಲಿ ಗಿಡದ ನಿಜವಾದ ಬಣ್ಣ ಕಾಣುತ್ತದೆ. ಹಳದಿ ತಿರುಗಿದ ಎಲೆಯನ್ನೂ ಎಲೆಯಡಿಯ ಹೇನನ್ನೂ ನೇರಳೆ ಬೆಳಕಿನಲ್ಲಿ ಗುರುತಿಸುವುದು ಬಹಳ ಕಷ್ಟ.

ಈ ದೀಪಗಳ ಮಾತಾಡುವಾಗ ಗಾಂಜಾದ ಹೆಸರು ಎತ್ತದಿರುವುದು ಪ್ರಾಮಾಣಿಕವಲ್ಲ. ಮನೆಯೊಳಗಿನ ಬೇಸಾಯದ ದೀಪಗಳ ಪೇಟೆ ಹಿಗ್ಗಿದ್ದರಲ್ಲಿ ಅಮೆರಿಕದ ಕೆಲವು ರಾಜ್ಯಗಳು ಮತ್ತು 2018ರಲ್ಲಿ ಅದನ್ನು ಕಾನೂನುಬದ್ಧಗೊಳಿಸಿದ ಕೆನಡಾದ ಗಾಂಜಾ ಬೆಳೆಗಾರರ ಪಾಲು ದೊಡ್ಡದು. ಅದೂ ದೀರ್ಘ ರಾತ್ರಿಗೆ ಹೂ ಬಿಡುವ ಗಿಡವೇ. ಕತ್ತಲೆಯ ಶಿಸ್ತು ಅವರಲ್ಲಿ ಬಲವಾಗಿ ಬೆಳೆದದ್ದು ಅದಕ್ಕೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಅದನ್ನು ಬೆಳೆಸುವುದು ಅಪರಾಧ, ಹತ್ತು ವರ್ಷದವರೆಗೆ ಕಠಿಣ ಸಜೆಯಿದೆ, ಕುಂಡದಲ್ಲಿ ಒಂದೇ ಗಿಡ ಎಂಬ ಸಬೂಬು ನಡೆಯುವುದಿಲ್ಲ. ಆ ಕೋಣೆಗಳಿಂದ ನಾವು ತೆಗೆದುಕೊಳ್ಳಬೇಕಾದದ್ದು ಕತ್ತಲೆಯ ಶಿಸ್ತನ್ನು ಮಾತ್ರ. ಅದನ್ನು ಸೇವಂತಿಗೆಯ ಮೇಲೆ ಪ್ರಯೋಗಿಸಿದರೆ ಸಿಗುವ ಫಲ ದೇವರ ಕೋಣೆಗೂ ಹೋಗಬಹುದು, ಮಕ್ಕಳ ಕೈಗೂ ಹೋಗಬಹುದು.

ಹಾಗಾದರೆ ಎಲ್ಲ ಗಿಡಕ್ಕೂ ಹೀಗೆಯೇ ಕತ್ತಲೆ ಕಾಯಬೇಕೇ? ಇಲ್ಲ. ಗಡಹಿಂಗ್ಲಜ, ಸಂಕೇಶ್ವರದ ಜವಾರಿ ಮೆಣಸಿನ ಸಸಿಯನ್ನು ದೀಪದ ಕೆಳಗೆ ಬೆಳೆಸುವವರು ರಾತ್ರಿಯ ಉದ್ದದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೆಣಸಿನ ಹೂ ಗಿಡದ ವಯಸ್ಸನ್ನೂ ಸೆಕೆಯನ್ನೂ ಹೆಚ್ಚು ಅವಲಂಬಿಸುತ್ತದೆ. ಡ್ರ್ಯಾಗನ್ ಹಣ್ಣಿನ ರೈತರು ಚಳಿಗಾಲದ ರಾತ್ರಿ ತೋಟದಲ್ಲಿ ಎಲ್‌ಇಡಿ ಉರಿಸುವುದು ಹೂ ಬರಿಸಲಿಕ್ಕೇ, ಯಾಕೆಂದರೆ ಅದಕ್ಕೆ ಬೇಕಾದದ್ದು ಚಿಕ್ಕ ರಾತ್ರಿ. ಇದರಿಂದ ನನ್ನ ವಾದ ಸಡಿಲವಾಗುವುದಿಲ್ಲ. ಯಾವ ಗಿಡಕ್ಕೆ ಎಂಥ ರಾತ್ರಿ ಎಂದು ತಿಳಿಯದೆ ದೀಪ ಕೊಳ್ಳಬಾರದು ಎಂಬುದು ಮೂರರಲ್ಲೂ ಒಂದೇ. ರಾತ್ರಿಯ ಲೆಕ್ಕ ಇಡದ ಟೊಮೇಟೊ ಕೂಡ ಇಪ್ಪತ್ನಾಲ್ಕು ತಾಸೂ ದೀಪ ಉರಿಸಿದರೆ ಎಲೆಯಲ್ಲಿ ಹಳದಿ ಮಚ್ಚೆ ಬಿದ್ದು ಸೊರಗುತ್ತದೆ.

ಇನ್ನು ಟೈಮರಿನ ವಿಷಯ. ದೀಪಕ್ಕಿಂತ ಇದರ ಆಯ್ಕೆಯಲ್ಲಿ ಹೆಚ್ಚು ಎಚ್ಚರ ಬೇಕು. ಸುತ್ತ ಹಲ್ಲುಗಳಿದ್ದು ಚಕ್ರ ತಿರುಗುವ ಅಗ್ಗದ ಟೈಮರು ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಮಧ್ಯಾಹ್ನ ಎರಡು ತಾಸು ಕರೆಂಟು ಹೋಯಿತೆನ್ನಿ, ಸಂಜೆ ಆರಕ್ಕೆ ಆರಬೇಕಾದ ದೀಪ ಎಂಟಕ್ಕೆ ಆರುತ್ತದೆ. ಮುಚ್ಚಿದ ಕಪಾಟಿನಲ್ಲಾದರೆ ಇಡೀ ದಿನವೇ ಎರಡು ತಾಸು ಮುಂದೆ ಸರಿದು ಹೆಚ್ಚಿನ ಹಾನಿಯಾಗುವುದಿಲ್ಲ. ಕಿಟಕಿಯಿರುವ ಕೋಣೆಯಲ್ಲಾದರೆ ಸೂರ್ಯ ಎಂದಿನ ಹೊತ್ತಿಗೇ ಹುಟ್ಟುತ್ತಾನೆ, ರಾತ್ರಿ ಎರಡು ತಾಸು ಮೊಟಕಾಗುತ್ತದೆ, ಇನ್ನೆರಡು ಬಾರಿ ಕರೆಂಟು ಹೋದರೆ ಇನ್ನಷ್ಟು. ಒಳಗೆ ಬ್ಯಾಟರಿಯಿದ್ದು ಸಮಯ ನೆನಪಿಡುವ ಡಿಜಿಟಲ್ ಟೈಮರಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಇದಕ್ಕಾಗಿ. ಹಾಗೆಂದು ಗಾಬರಿಯೂ ಬೇಡ. ರಾತ್ರಿ ಕಪಾಟಿನ ಬಾಗಿಲು ಒಂದು ಗಳಿಗೆ ತೆರೆದರೆ ಮೊಗ್ಗು ಉದುರುವುದಿಲ್ಲ. ಸೇವಂತಿಗೆಯ ರಾತ್ರಿ ಕೆಡಿಸಲು ಅದಕ್ಕಿಂತ ಹೆಚ್ಚು ಹೊತ್ತಿನ ಬೆಳಕು, ಅದೂ ಮತ್ತೆ ಮತ್ತೆ, ಬೇಕು. ಕಾಡುವುದು ದಿನಾಲೂ ಬೀಳುವ ಬೆಳಕು: ಓಣಿಯ ದೀಪ, ಟಿವಿಯ ಎದುರಿನ ಟ್ಯೂಬು, ದೀಪಾವಳಿಗೆ ಗ್ಯಾಲರಿಯಲ್ಲಿ ರಾತ್ರಿಯಿಡೀ ಉರಿಯುವ ಆಕಾಶಬುಟ್ಟಿ.

ಕ್ರಮ ಹೀಗಿರಲಿ. ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆ ಚಿವುಟುವ, ಕೋಲು ಕಟ್ಟುವ ತಾಪತ್ರಯವಿಲ್ಲದ ಗಿಡ್ಡ ಸೇವಂತಿಗೆ ತಳಿಗಳನ್ನು ಬೆಳೆಸಿಕೊಟ್ಟಿದೆ. ದೀಪದ ಗೂಡಿಗೆ ಅಂಥವೇ ಯೋಗ್ಯ. ಬೇರು ಬಿಟ್ಟ ಕುಡಿಗಳಿಗೆ ಮೊದಲ ಮೂರು ವಾರ ದಿನಕ್ಕೆ ಹದಿನಾರು ತಾಸು ದೀಪ ಕೊಟ್ಟು ಎಲೆ ಕಟ್ಟಿಸಿ. ಆಮೇಲೆ ಹನ್ನೊಂದು ತಾಸಿಗೆ ಇಳಿಸಿ, ಉಳಿದ ಹದಿಮೂರು ತಾಸು ಕಡಿಯದ ಕತ್ತಲೆ. ಅಲ್ಲಿಂದ ತಳಿಗೆ ತಕ್ಕಂತೆ ಏಳರಿಂದ ಹತ್ತು ವಾರಕ್ಕೆ ಹೂ. ದೀಪಾವಳಿ ಯಾವ ದಿನಕ್ಕಿದೆ ಎಂದು ಪಂಚಾಂಗ ನೋಡಿ ಹಿಂದಕ್ಕೆ ಎಣಿಸಿದರೆ ಕತ್ತಲೆ ಶುರು ಮಾಡಬೇಕಾದ ವಾರ ಸಿಗುತ್ತದೆ. ಬಟ್ಟೆ ಮುಚ್ಚಿ ಕತ್ತಲೆ ಮಾಡುವವರು ಇಳಿಬಿಸಿಲಿನ ಸೆಕೆಯಲ್ಲಿ ಮುಚ್ಚಬೇಡಿ, ಒಳಗೆ ಕಾವು ಕೂತು ಮೊಗ್ಗು ತಡವಾಗುತ್ತದೆ; ಹೊತ್ತು ಮುಳುಗಿದ ಮೇಲೆ ಮುಚ್ಚಿ, ಬೆಳಿಗ್ಗೆ ಅಷ್ಟೇ ತಡವಾಗಿ ತೆಗೆಯಿರಿ. ಮೊಗ್ಗಿನಲ್ಲಿ ಬಣ್ಣ ಕಂಡ ಮೇಲೆ ಕತ್ತಲೆ ಕಾಯುವ ಕೆಲಸ ಮುಗಿಯಿತು, ಕುಂಡವನ್ನು ಪಡಸಾಲೆಗೆ ತಂದು ಟ್ಯೂಬ್‌ಲೈಟಿನ ಕೆಳಗೇ ಇಡಬಹುದು. ಹೂ ಬಾಡಿದ ಬಳಿಕ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಬುಡದಿಂದ ಚಿಗುರುವ ಕುಡಿಗಳನ್ನು ಮತ್ತೆ ಹದಿನಾರು ತಾಸಿನ ದೀಪಕ್ಕೆ ಒಡ್ಡಿ. ಮುಂದಿನ ಸರದಿಯ ಗಿಡಗಳು ಅವೇ.