ಗಸ್ತು ಪೊಲೀಸರಿಗೆ ಬಂದೂಕಿನ ಪಾಠ: ಯಾರ ಜೀವ ಉಳಿಸಲು?

ನಮ್ಮ ಸಿನಿಮಾದ ಪೊಲೀಸ್ ಅಧಿಕಾರಿಗೆ ಪಿಸ್ತೂಲೆಂದರೆ ಕೈಯ ಆರನೇ ಬೆರಳು. 1988ರ ‘ಸಾಂಗ್ಲಿಯಾನ’, 1996ರ ‘ಪೊಲೀಸ್ ಸ್ಟೋರಿ’ ಮತ್ತು ಅವುಗಳ ಹಿಂದೆ ಸಾಲುಗಟ್ಟಿ ಬಂದ ಖಾಕಿ ಚಿತ್ರಗಳು ಕನ್ನಡಿಗರಿಗೆ ಒಂದು ಬಗೆಯ ಪೊಲೀಸನನ್ನು ಕಟ್ಟಿಕೊಟ್ಟಿವೆ. ಇಂಥ ಚಿತ್ರಗಳ ನಾಯಕ ಗುಂಡು ಎಷ್ಟು ಉಳಿದಿದೆಯೆಂದು ಲೆಕ್ಕ ಹಾಕುವುದಿಲ್ಲ. ಗುಂಡು ತಪ್ಪಿದರೆ ಹಿಂದೆ ಯಾರಿದ್ದಾರೆಂದು ನೋಡುವುದಿಲ್ಲ. ಮರುದಿನ ಯಾರಿಗೂ ವರದಿ ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಚಿತ್ರಮಂದಿರಗಳಲ್ಲೂ ಈ ನಾಯಕನಿಗೆ ಶಿಳ್ಳೆ ಬಿದ್ದಿದೆ. ಶಿಳ್ಳೆ ಹೊಡೆದ ಹುಡುಗರಲ್ಲಿ ಕೆಲವರಾದರೂ ಮುಂದೆ ಪೊಲೀಸ್ ಇಲಾಖೆ ಸೇರಿರಬೇಕು.

ಸೇರಿದ ಮೇಲೆ ಅವರ ಕೈಗೆ ಬಂದದ್ದು ಲಾಠಿ. ರಾತ್ರಿ ಗಸ್ತಿಗೆ ಹೊರಟ ಕಾನ್‌ಸ್ಟೆಬಲ್ ಬಳಿ ಒಂದು ಲಾಠಿ, ಒಂದು ಟಾರ್ಚು, ಒಂದು ಮೊಬೈಲು. ಪಿಸ್ತೂಲು ಸಬ್ ಇನ್‌ಸ್ಪೆಕ್ಟರರ ಸೊಂಟದಲ್ಲಿ, ರೈಫಲುಗಳು ಠಾಣೆಯ ಬೀಗದೊಳಗೆ. 112ಕ್ಕೆ ಕರೆ ಬಂದರೆ ಮೊದಲು ಸ್ಥಳಕ್ಕೆ ಮುಟ್ಟುವುದು ಇಂಥ ಒಬ್ಬರೋ ಇಬ್ಬರೋ ಸಿಬ್ಬಂದಿ. ಹೀಗಾಗಿ ‘ಗಸ್ತು ಪೊಲೀಸರಿಗೆ ಬಂದೂಕು ಕೊಡಿ, ಪ್ರಾಣ ಉಳಿಸಿಕೊಳ್ಳುವ ತರಬೇತಿ ಕೊಡಿ’ ಎಂಬ ಕೂಗು ಪ್ರತಿ ಹಲ್ಲೆಯ ನಂತರವೂ ಏಳುತ್ತದೆ. ಈ ಬೇಡಿಕೆಯ ಎರಡನೆಯ ಭಾಗವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಮೊದಲನೆಯ ಭಾಗವೇ ಎರಡನೆಯದೂ ಆಗಿದೆ ಎಂದು ಭಾವಿಸುವುದನ್ನು ಮಾತ್ರ ಒಪ್ಪಲಾರೆವು.

ಈ ಐದು ತಾಲೂಕುಗಳನ್ನೇ ನೋಡೋಣ. ಬಳ್ಳಾರಿಯ ಪಶ್ಚಿಮ ತಾಲೂಕುಗಳೆಂದು ಕರೆಸಿಕೊಳ್ಳುತ್ತಿದ್ದ ಇವು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರು ವರ್ಷದಲ್ಲಿ ಮತ್ತೆ ಹೊಸ ಜಿಲ್ಲೆ ಕಂಡಿತು. ಇಲ್ಲಿಯ ಪೊಲೀಸರ ಕೆಲಸವೇನು? ಕೂಡ್ಲಿಗಿಯ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ನಡುರಾತ್ರಿಯ ಅಪಘಾತ. ಹಡಗಲಿ, ಹರಪನಹಳ್ಳಿ ಕಡೆಯ ತುಂಗಭದ್ರಾ ದಂಡೆಯಲ್ಲಿ ಕದ್ದು ಸಾಗುವ ಮರಳು. ಭಾರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಕಾರಣಿಕಕ್ಕೆ ಸೇರುವ ಲಕ್ಷಾಂತರ ಜನ. ಕೊಟ್ಟೂರಿನ ತೇರು. 2017ರ ಫೆಬ್ರವರಿಯಲ್ಲಿ ಆ ತೇರು ಉರುಳಿಬಿದ್ದಾಗ ಬೇಕಾಗಿದ್ದದ್ದು ಜನರನ್ನು ಹಿಂದೆ ಸರಿಸುವ, ಗಾಯಾಳುಗಳನ್ನು ಎತ್ತುವ ಕೈಗಳು. ಉಳಿದಂತೆ ಕುಡಿದು ಮಚ್ಚು ಎತ್ತಿದ ಅಣ್ಣ, ಬದುವಿನ ಜಗಳ, ಹೊಲದಲ್ಲಿ ಇಸ್ಪೀಟು. ಎದುರಿನವನ ಕೈಯಲ್ಲಿ ಬಂದೂಕಿರುವ ಸಂದರ್ಭ ಇಲ್ಲಿ ಅಪರೂಪ. ಅಪಾಯ ಬರುವುದು ಕತ್ತಲಲ್ಲಿ, ತೀರಾ ಹತ್ತಿರದಿಂದ, ಮಚ್ಚು, ಕಲ್ಲು ಅಥವಾ ಟ್ರ್ಯಾಕ್ಟರಿನ ರೂಪದಲ್ಲಿ.

ರಾಜ್ಯದ ಅನುಭವವೂ ಇದನ್ನೇ ಹೇಳುತ್ತದೆ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ರಾತ್ರಿ ದಾಳಿ ಮಾಡಿ ಮೀಸಲು ಪೊಲೀಸರನ್ನು ಕೊಂದರು. ಆ ಪೊಲೀಸರ ಬಳಿ ಬಂದೂಕಿತ್ತು. ಶಾಲೆಯ ಕಟ್ಟಡದಲ್ಲಿ ತಂಗಿದ್ದವರಿಗೆ ಅದನ್ನು ಬಳಸುವ ಹೊತ್ತು ಸಿಗಲಿಲ್ಲ. 2015ರ ಅಕ್ಟೋಬರಿನಲ್ಲಿ ದೊಡ್ಡಬಳ್ಳಾಪುರ ಗ್ರಾಮಾಂತರ ಠಾಣೆಯ ಪಿಎಸ್‌ಐ ಜಗದೀಶ್ ಬೈಕ್ ಕಳ್ಳರನ್ನು ಬೆನ್ನಟ್ಟಿ ನೆಲಮಂಗಲದ ಬಳಿ ಚೂರಿ ಇರಿತಕ್ಕೆ ಬಲಿಯಾದರು. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಅಕ್ರಮ ಮರಳಿನ ಟ್ರ್ಯಾಕ್ಟರ್ ಹರಿಯಿತು. ಈ ಮೂರರಲ್ಲಿ ಯಾವ ಸಾವೂ ಪೊಲೀಸರ ಗುರಿ ತಪ್ಪಿದ್ದರಿಂದ ಆದದ್ದಲ್ಲ. ಕಾವಲು ಎಲ್ಲಿ ನಿಲ್ಲಬೇಕು, ಕಳ್ಳನಿಂದ ಎಷ್ಟು ದೂರವಿರಬೇಕು, ಓಡುತ್ತಿರುವ ವಾಹನದ ಮುಂದೆ ಏಕೆ ನಿಲ್ಲಬಾರದು, ಜೊತೆಗಾರ ಬರುವವರೆಗೆ ಹೇಗೆ ಕಾಯಬೇಕು ಎಂಬ ಪ್ರಶ್ನೆಗಳು ಇವುಗಳಲ್ಲಿವೆ.

ನಮ್ಮ ತರಬೇತಿಯಲ್ಲಿ ಈ ಪ್ರಶ್ನೆಗಳಿಗೆ ಎಷ್ಟು ಜಾಗವಿದೆ? ಬಂದೂಕು ತರಬೇತಿ ಎಂದರೆ ಮುಖ್ಯವಾಗಿ ಹಗಲು ಬೆಳಕು, ಅಲುಗಾಡದ ಹಲಗೆ, ಅಳೆದಿಟ್ಟ ದೂರ, ಮಲಗಿ, ಮೊಣಕಾಲೂರಿ, ನಿಂತು ಹೊಡೆಯುವುದು, ‘ಫೈರ್’ ಎಂಬ ಆಜ್ಞೆ. ಆಮೇಲೆ ರಂಧ್ರಗಳ ಎಣಿಕೆ ಮತ್ತು ಖಾಲಿ ತೋಟಾಗಳ ಎಣಿಕೆ. ಖಾಲಿ ತೋಟಾ ಒಂದು ಕಡಿಮೆಯಾದರೆ ಮೈದಾನವನ್ನೇ ಜರಡಿ ಹಿಡಿಯುವ ಶಿಸ್ತು ನಮ್ಮಲ್ಲಿದೆ, ಅದು ಒಳ್ಳೆಯದೇ. ಆದರೆ ನಿಜವಾದ ರಾತ್ರಿಯಲ್ಲಿ ‘ಫೈರ್’ ಎನ್ನುವವರು ಯಾರೂ ಇರುವುದಿಲ್ಲ. ಹಾರಿಸಬೇಕೋ ಬೇಡವೋ ಎಂಬುದನ್ನು ಅರೆಕ್ಷಣದಲ್ಲಿ ತೀರ್ಮಾನಿಸಬೇಕಾದವರು ಅವರೇ. ಆ ತೀರ್ಮಾನದ ಪರೀಕ್ಷೆ ಹಲಗೆಯ ಮೇಲೆ ನಡೆಯುವುದಿಲ್ಲ. ಅಷ್ಟಕ್ಕೂ ಸೇವೆಗೆ ಸೇರಿದ ಮೇಲೆ ಮತ್ತೆ ತರಬೇತಿ ಸಿಗುವುದೇ ಕೆಲವರಿಗೆ. 2019ರ ‘ಇಂಡಿಯಾ ಜಸ್ಟೀಸ್ ರಿಪೋರ್ಟ್’ ಪ್ರಕಾರ ಹಿಂದಿನ ಐದು ವರ್ಷಗಳಲ್ಲಿ ದೇಶದಲ್ಲಿ ಸರಾಸರಿ ಶೇ. 6.4ರಷ್ಟು ಪೊಲೀಸರಿಗೆ ಮಾತ್ರ ಸೇವಾವಧಿಯ ತರಬೇತಿ ಸಿಕ್ಕಿತ್ತು. ಅದೇ ವರ್ಷ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ನಡೆಸಿದ ಅಧ್ಯಯನದಲ್ಲಿ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆಂದು ಕಂಡುಬಂತು. 14 ಗಂಟೆ ನಿಂತ ಕಾಲು, ನಿದ್ದೆಗೆಟ್ಟ ಕಣ್ಣು. ಅರೆಕ್ಷಣದ ತೀರ್ಮಾನವನ್ನು ನಾವು ಇವುಗಳಿಂದ ಕೇಳುತ್ತಿದ್ದೇವೆ.

ಅಮೆರಿಕದಲ್ಲಿ ಈ ವಿದ್ಯೆ ಬೆಳೆದ ಬಗೆಯನ್ನು ಸ್ವಲ್ಪ ನೋಡಬೇಕು. ಅದರಲ್ಲಿ ಕಲಿಯುವುದೂ ಇದೆ, ಎಚ್ಚರವಹಿಸುವುದೂ ಇದೆ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ಇಬ್ಬರು ದುಷ್ಕರ್ಮಿಗಳ ಕಾರು ತಡೆದ ನಾಲ್ವರು ಹೆದ್ದಾರಿ ಗಸ್ತು ಪೊಲೀಸರು ಕೆಲವೇ ನಿಮಿಷಗಳಲ್ಲಿ ಹತರಾದರು. ಗಸ್ತು ಪೊಲೀಸರ ತರಬೇತಿಯನ್ನು ಅಲ್ಲಿ ಹೊಸದಾಗಿ ಯೋಚಿಸಲು ಇದು ಕಾರಣವಾಯಿತು. 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಬೋಧಕ ಡೆನ್ನಿಸ್ ಟ್ಯೂಲರ್ ಸರಳವಾದ ಒಂದು ಸಂಗತಿಯನ್ನು ಮುಂದಿಟ್ಟರು: ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ; ಒರೆಯಿಂದ ಪಿಸ್ತೂಲು ಹೊರತೆಗೆದು ಹಾರಿಸಲೂ ಅಷ್ಟೇ ಹೊತ್ತು ಬೇಕು. ಇದರ ಅರ್ಥವೇನು? ದೂರ ಇಟ್ಟುಕೊಳ್ಳಿ, ನಡುವೆ ಜೀಪೋ ಗೋಡೆಯೋ ಇರಲಿ, ಮಾತಾಡುತ್ತಾ ಹೊತ್ತು ಕಳೆಯಿರಿ ಎಂದು. ಆದರೆ ಹಲವು ಕಡೆ ಬೋಧಕರು ಇದನ್ನು ‘21 ಅಡಿಯೊಳಗೆ ಬಂದರೆ ಹೊಡೆಯಬಹುದು’ ಎಂದು ತಿರುಚಿ ಪಾಠ ಮಾಡಿದರು. ಪ್ರಾಣ ಉಳಿಸುವ ಎಚ್ಚರವೇ ಪ್ರಾಣ ತೆಗೆಯುವ ಅನುಮತಿಯಾಯಿತು.

ಆ ದಾರಿ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ 2016ರ ಜುಲೈ ಸಾಕ್ಷಿ. ಮಿನ್ನೆಸೋಟಾದಲ್ಲಿ ಫಿಲಾಂಡೊ ಕ್ಯಾಸ್ಟೈಲ್ ಎಂಬ ಕಪ್ಪು ವರ್ಣದ ಯುವಕನ ಕಾರು ತಡೆದ ಪೊಲೀಸ್ ಅಧಿಕಾರಿ, ತನ್ನ ಬಳಿ ಪರವಾನಗಿ ಇರುವ ಬಂದೂಕಿದೆ ಎಂದು ಆತ ವಿನಯದಿಂದ ತಿಳಿಸಿದ ಕೆಲವೇ ಕ್ಷಣಗಳಲ್ಲಿ ಗುಂಡು ಹಾರಿಸಿ ಕೊಂದ. ಆ ಅಧಿಕಾರಿ ‘ಬುಲೆಟ್‌ಪ್ರೂಫ್ ವಾರಿಯರ್’ ಎಂಬ ಶಿಬಿರದಲ್ಲಿ ತರಬೇತಿ ಪಡೆದಿದ್ದ. ಎದುರು ಬರುವ ಪ್ರತಿಯೊಬ್ಬನನ್ನೂ ಸಂಭವನೀಯ ಕೊಲೆಗಾರನಾಗಿ ಕಾಣುವ ಇಂಥ ‘ಯೋಧ’ ತರಬೇತಿಯನ್ನು 2019ರಲ್ಲಿ ಮಿನ್ನಿಯಾಪೊಲಿಸ್ ನಗರ ನಿಷೇಧಿಸಿತು. (ಮರುವರ್ಷ ಅದೇ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಡಿ ಸತ್ತ. ಒಂದು ಶಿಬಿರ ನಿಲ್ಲಿಸಿದರೆ ಮನಸ್ಸು ಬದಲಾಗುವುದಿಲ್ಲ ಎಂಬುದನ್ನೂ ಹೇಳಬೇಕಲ್ಲ.) ಇನ್ನು ಗುರಿಯ ಮಾತು. ನ್ಯೂಯಾರ್ಕ್ ಪೊಲೀಸರ ಬಗ್ಗೆ ರ‍್ಯಾಂಡ್ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರು ಹಾರಿಸಿದ ನೂರು ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಸುಮಾರು 18. ಉಳಿದವು ಗೋಡೆಗೆ, ಕಾರಿಗೆ, ಗಾಳಿಗೆ, ಕೆಲವೊಮ್ಮೆ ದಾರಿಹೋಕರಿಗೆ.

ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಪತ್ರಿಕೆಗಳಲ್ಲಿ ಪದೇ ಪದೇ ಬರುವ ‘ಆರೋಪಿ ಕಾಲಿಗೆ ಗುಂಡೇಟು’ ಸುದ್ದಿಗಳನ್ನು ಓದಬೇಕು. ಒಕ್ಕಣೆ ಬಹುತೇಕ ಒಂದೇ. ಆರೋಪಿಯನ್ನು ಮಹಜರಿಗೆ ಕರೆದೊಯ್ಯಲಾಯಿತು, ಆತ ಪೊಲೀಸರ ಮೇಲೆ ಹಲ್ಲೆ ಮಾಡಿ ಓಡಲೆತ್ನಿಸಿದ, ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಲಾಯಿತು, ಕೊನೆಗೆ ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು, ಇಬ್ಬರೂ ಆಸ್ಪತ್ರೆಗೆ. ಓಡುತ್ತಿರುವ ಮನುಷ್ಯನ ಕಾಲು ಪಿಸ್ತೂಲಿಗೆ ಎಷ್ಟು ಕಷ್ಟದ ಗುರಿ ಎಂಬುದು ಬಂದೂಕು ಹಿಡಿದವರಿಗೆಲ್ಲ ಗೊತ್ತು. ಅದು ಹಾಗಿರಲಿ. ಈ ಕಥನ ನಿಜವೆಂದೇ ಒಪ್ಪೋಣ. ಹಾಗಾದರೆ ವಶದಲ್ಲಿರುವ ಆರೋಪಿಯ ಕೈಗೆ ಚಾಕುವೋ ಕಲ್ಲೋ ಎಟುಕಿದ್ದು ಹೇಗೆ? ಕಾನ್‌ಸ್ಟೆಬಲ್ ಅಷ್ಟು ಹತ್ತಿರ, ಅಷ್ಟು ಅಜಾಗರೂಕನಾಗಿ ನಿಂತದ್ದೇಕೆ? ಒಂದೇ ಬಗೆಯ ಹಲ್ಲೆ ಮತ್ತೆ ಮತ್ತೆ ನಡೆಯುತ್ತಿದ್ದರೆ ಇಲಾಖೆ ತನ್ನ ಸಿಬ್ಬಂದಿಯ ಪ್ರಾಣವನ್ನು ತಾನೇ ಅಪಾಯಕ್ಕೆ ಒಡ್ಡುತ್ತಿದೆ ಎಂದಾಯಿತು, ಅದು ತರಬೇತಿಯ ಸೋಲು. ಕಥನ ನಿಜವಲ್ಲದಿದ್ದರೆ ಅದು ಕಾನೂನಿನ ಸೋಲು. ಎರಡರಲ್ಲಿ ಯಾವುದೆಂದು ಕೇಳುವ ಗೋಜಿಗೆ ನಮ್ಮ ವರದಿಗಾರರು ಹೋಗುವುದಿಲ್ಲ.

ಹೈದರಾಬಾದಿನಲ್ಲಿ ಇದನ್ನು ಕೇಳಲಾಯಿತು. 2019ರ ಡಿಸೆಂಬರ್ 6ರಂದು ಪಶುವೈದ್ಯೆಯ ಮೇಲಿನ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಆರೋಪಿಗಳು ಪಿಸ್ತೂಲು ಕಿತ್ತುಕೊಂಡು ಗುಂಡು ಹಾರಿಸಿದರು ಎಂಬುದು ಪೊಲೀಸರ ಹೇಳಿಕೆ. ಜನ ಪೊಲೀಸರ ಮೇಲೆ ಹೂ ಎರಚಿದರು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ ಆ ಹೇಳಿಕೆಯನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದಿತು. ಸತ್ತವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂದೂ ಹೇಳಿತು. 2022ರಲ್ಲಿ ಈ ವರದಿ ಹೊರಬಂದಾಗ ಹೂ ಎರಚಿದವರ ಸದ್ದಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪುಟ್ಟ ಬಾಲಕಿಯ ಕೊಲೆ ಪ್ರಕರಣದ ಆರೋಪಿ, ಬಿಹಾರದ ಕಾರ್ಮಿಕ, ಪೊಲೀಸ್ ಗುಂಡಿಗೆ ಸತ್ತಾಗ ಮತ್ತೆ ಅದೇ ಜಯಕಾರ. ಆ ಮಗುವಿಗಾದ ಘೋರಕ್ಕೆ ಯಾರ ರಕ್ತವೂ ಕುದಿಯುತ್ತದೆ. ಆದರೆ 2014ರಲ್ಲೇ ಸುಪ್ರೀಂ ಕೋರ್ಟು ಪಿಯುಸಿಎಲ್ ಪ್ರಕರಣದಲ್ಲಿ ಇಂಥ ಪ್ರತಿ ಸಾವಿಗೂ ಸ್ವತಂತ್ರ ತನಿಖೆಯಾಗಬೇಕು, ಘಟನೆಯ ಬೆನ್ನಲ್ಲೇ ಬಡ್ತಿ, ಶೌರ್ಯ ಪದಕ ಕೊಡಬಾರದು ಎಂದು ಹೇಳಿದ್ದು ಏಕೆ ಎಂಬುದನ್ನು ಜಯಕಾರದ ನಡುವೆ ಯಾರೂ ನೆನೆಯಲಿಲ್ಲ. ಗಸ್ತಿನ ಯುವ ಕಾನ್‌ಸ್ಟೆಬಲ್‌ಗೆ ಇದಕ್ಕಿಂತ ದೊಡ್ಡ ತರಬೇತಿ ಶಾಲೆ ಯಾವುದು? ಟಿ.ವಿ. ಪರದೆ ಅವನಿಗೆ ದಿನವೂ ಪಾಠ ಹೇಳುತ್ತದೆ, ಮೈದಾನದ ಬೋಧಕ ವರ್ಷಕ್ಕೊಮ್ಮೆ.

ಗುಂಪಿನ ಮೇಲೆ ಗೋಲಿಬಾರ್ ಆದಾಗ ಈ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. 2008ರ ಜೂನ್ 10ರಂದು ಹಾವೇರಿಯಲ್ಲಿ ರೈತರು ಕೇಳಿದ್ದು ಗೊಬ್ಬರ. ಗೋಲಿಬಾರಿಗೆ ಇಬ್ಬರು ರೈತರು ಬಲಿಯಾದರು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯ ದಿನ ಪೊಲೀಸರ ಗುಂಡಿಗೆ ಇಬ್ಬರು ಮುಸ್ಲಿಮರು ಸತ್ತರು. ಯುದ್ಧಭೂಮಿಗೆಂದು ತಯಾರಾದ ರೈಫಲಿನ ಗುಂಡು ಸಂತೆಬೀದಿಯಲ್ಲಿ ಎದುರಿನವನ ಮೈಯಲ್ಲೇ ನಿಲ್ಲಬೇಕೆಂದಿಲ್ಲ. ಅವನನ್ನು ದಾಟಿ ಹಿಂದಿನವನಿಗೂ ತಗಲಬಹುದು, ಮೂರುನಾಟ್‌ಮೂರು ರೈಫಲಿನದಾದರೆ ಮೈಲಿಗೂ ಆಚೆ ಹೋದೀತು. ಜೊತೆಗೆ, ಟ್ರಿಗರ್ ಒತ್ತುವ ಬೆರಳಿಗಿಂತ ಮೊದಲು ಕೆಲಸ ಮಾಡುವುದು ಕಣ್ಣು. ಮೇಲೆ ಹೇಳಿದ ಲೋಕನೀತಿಯ ಅದೇ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಪೊಲೀಸರು, ಮುಸ್ಲಿಮರು ಸ್ವಭಾವತಃ ಅಪರಾಧದತ್ತ ವಾಲುವವರು ಎಂಬ ಮಾತನ್ನು ಹೆಚ್ಚಾಗಿಯೋ ಅಲ್ಪಸ್ವಲ್ಪವಾಗಿಯೋ ಒಪ್ಪಿದ್ದರು. ಅರೆಕತ್ತಲಲ್ಲಿ ಯಾರ ಕೈಯ ಮೊಬೈಲು ಚಾಕುವಿನಂತೆ ಕಾಣುತ್ತದೆ ಎಂಬುದನ್ನು ಈ ಕಣ್ಣು ತೀರ್ಮಾನಿಸುತ್ತದೆ. ಗುರಿ ಎಷ್ಟು ನಿಖರವಾಗಿದ್ದರೂ ಈ ದೋಷ ಸರಿಹೋಗದು, ನಿಖರವಾದಷ್ಟೂ ಅಪಾಯ ಹೆಚ್ಚು.

ಕೂಡ್ಲಿಗಿಯ ಹೆಸರು ರಾಜ್ಯವೆಲ್ಲ ಕೇಳಿದ್ದು 2016ರಲ್ಲಿ, ಬಂದೂಕಿಗೆ ಸಂಬಂಧವಿಲ್ಲದ ಕಾರಣಕ್ಕೆ. ಅಲ್ಲಿಯ ಡಿವೈಎಸ್‌ಪಿ ಅನುಪಮಾ ಶೆಣೈ ಸಚಿವರೊಬ್ಬರ ಫೋನ್ ಕರೆಯನ್ನು ಹೋಲ್ಡ್‌ನಲ್ಲಿಟ್ಟರೆಂಬ ವಿವಾದದ ನಡುವೆ ವರ್ಗವಾದರು. ಪ್ರತಿಭಟನೆಯ ನಂತರ ಮರಳಿ ಬಂದರು. ಜೂನ್‌ನಲ್ಲಿ ಮದ್ಯದಂಗಡಿಯೊಂದರ ವಿಷಯ ಭುಗಿಲೆದ್ದಾಗ ರಾಜೀನಾಮೆಯನ್ನೇ ಕೊಟ್ಟರು. ಅವರ ಮುಂದಿನ ರಾಜಕೀಯದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಒಂದು ಉಪವಿಭಾಗದ ಮುಖ್ಯಸ್ಥೆಯ ಪಾಡೇ ಹೀಗಾದರೆ ನಡುರಾತ್ರಿ ಮರಳಿನ ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿಯುವ ಕಾನ್‌ಸ್ಟೆಬಲ್ ಏನು ಲೆಕ್ಕ ಹಾಕುತ್ತಾನೆ? ಟ್ರ್ಯಾಕ್ಟರ್ ಯಾರದ್ದು ಎಂಬುದನ್ನು ಮೊದಲು ಯೋಚಿಸುತ್ತಾನೆ. ಆ ಅರೆಕ್ಷಣದ ಹಿಂಜರಿಕೆಯಲ್ಲೂ ಪ್ರಾಣ ಹೋಗಬಹುದು. ಇದಕ್ಕೆ ಯಾವ ಫೈರಿಂಗ್ ಮೈದಾನದಲ್ಲೂ ಮದ್ದಿಲ್ಲ.

ಹಾಗಾದರೆ ಬಂದೂಕಿನ ಪಾಠವೇ ಬೇಡವೇ? ಬೇಕು. ಸರಿಯಾಗಿ ಬೇಕು. ರಬ್ಬರ್ ಚಾಕು, ಬಣ್ಣ ಹಚ್ಚಿದ ಮರದ ಪಿಸ್ತೂಲು ಸಾಕು; ಕತ್ತಲ ಕೋಣೆಯಲ್ಲಿ ಒಬ್ಬ ಕುಡುಕನ ಪಾತ್ರ, ಒಬ್ಬ ಹೆದರಿದ ಹುಡುಗನ ಪಾತ್ರ ಮಾಡಲಿ, ಹತ್ತರಲ್ಲಿ ಎಂಟು ಸಲ ಗುಂಡು ಹಾರಿಸದಿರುವುದೇ ಸರಿಯುತ್ತರವಾಗಿರಲಿ. ಪಿಸ್ತೂಲನ್ನು ಕಿತ್ತುಕೊಳ್ಳದಂತೆ ಕಾಯುವುದು, ಗಾಯವಾದಾಗ ರಕ್ತ ಕಟ್ಟುವುದು, ತಾನೇ ಗುಂಡಿಟ್ಟವನನ್ನೂ ಆಸ್ಪತ್ರೆಗೆ ಮುಟ್ಟಿಸುವುದು ಇದರ ಭಾಗವಾಗಲಿ. ಮರಣದಂಡನೆಗೋ ಜೀವಾವಧಿಗೋ ಅರ್ಹವಾದ ಅಪರಾಧದ ಆರೋಪವಿಲ್ಲದವನನ್ನು ಬಂಧಿಸುವಾಗ ಸಾವಿಗೀಡುಮಾಡುವ ಹಕ್ಕಿಲ್ಲ ಎಂಬ ಮಾತು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46ನೇ ಕಲಮಿನಲ್ಲಿತ್ತು, 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮಿನಲ್ಲೂ ಇದೆ. ಟ್ರಿಗರ್ ಕಲಿಸುವ ದಿನವೇ ಇದನ್ನೂ ಕಲಿಸಲಿ. ವೆಂಕಟಮ್ಮನಹಳ್ಳಿ, ನೆಲಮಂಗಲ, ಹಾವೇರಿ, ಮಂಗಳೂರು ನಮ್ಮದೇ ನೆಲದ ಪಾಠಗಳು. ಖಾನಾಪುರ, ನಾಗೇನಹಳ್ಳಿಯ ತರಬೇತಿ ಶಾಲೆಗಳಲ್ಲಿ ಅವುಗಳನ್ನು ಘಟನೆಯಾಗಿ ಬಿಡಿಸಿ ಚರ್ಚಿಸಲಿ. ಸಿರ್ಪುರ್ಕರ್ ಆಯೋಗದ ವರದಿ ಇಂಗ್ಲಿಷಿನಲ್ಲಿದೆ. ಪಿಸ್ತೂಲು ಕಿತ್ತುಕೊಂಡರು ಎಂಬ ಹೇಳಿಕೆಯನ್ನು ಅದು ಪರೀಕ್ಷಿಸಿರುವ ಪುಟಗಳನ್ನಾದರೂ ಯಾರಾದರೂ ಕನ್ನಡಕ್ಕೆ ತಂದು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಠಾಣೆಗಳಿಗೆ ಒಂದೊಂದು ಪ್ರತಿ ಮುಟ್ಟಿಸಬೇಕು.