ಕನ್ನಡನಾಡಿನ ಮಧ್ಯಯುಗದ ಕವಚಗಳ ಪ್ರತಿಕೃತಿ: ಒಂದು ಪ್ರಮಾಣವಿಮರ್ಶೆ

ಬೆಂಗಳೂರಿನ ದಕ್ಷಿಣದಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿ ಕಾರ್ಖಾನೆಗಳಿಗೆ ಕೆಲವೇ ಮೈಲಿಗಳ ಅಂತರದಲ್ಲಿ ಬೇಗೂರು ಇರುವುದು. ಶಾಸನಗಳಲ್ಲಿ ಬೆಂಪೂರೆಂದು ಕರೆಯಲ್ಪಟ್ಟಿರುವ ಈ ಗ್ರಾಮದ ಒಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಎರೆಯಪ್ಪರಸನ ಆಜ್ಞೆಯಂತೆ ವೀರಮಹೇಂದ್ರನ ಮೇಲೆ ನಡೆದು, ತುಂಬೆಪಾಡಿಯ ಕಾಳಗದಲ್ಲಿ ಆನೆಯೊಡನೆ ಕಾದಿ ಮಡಿದ ನಾಗತ್ತರನ ಸ್ಮರಣೆಗಾಗಿ ಕ್ರಿ. ಶ. ೯೦೦ರ ಸುಮಾರಿಗೆ ಅದು ನಿಂತಿತು. ಅವನ ಪಟ್ಟವನ್ನು ಅರಸನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನೆಂದು ಶಾಸನವು ಹೇಳುತ್ತದೆ. ಬೆಂಗಳೂರೆಂಬ ಹೆಸರನ್ನು ಮೊದಲು ಕೇಳಿಸುವ ಶಾಸನವೂ ಇದೇ ಬೇಗೂರಿನದು; ಅದೂ ಒಂದು ಕಾಳಗದ, ಒಂದು ಸಾವಿನ ಸುದ್ದಿ. ಹೀಗೆ ಈ ಊರಿನ ಹೆಸರೇ ಯೋಧರ ಮರಣದೊಡನೆ ಚರಿತ್ರೆಯನ್ನು ಪ್ರವೇಶಿಸಿದೆ.

ಆ ಯೋಧರು ಮೈಮೇಲೆ ಏನನ್ನು ತೊಟ್ಟು ಕಾದಿದರು? ಪ್ರಶ್ನೆ ಸುಲಭವಾಗಿ ತೋರಿದರೂ ಉತ್ತರ ಸುಲಭವಲ್ಲ. ಮಧ್ಯಯುಗದ ಕವಚವನ್ನು ಈಗ ಮರಳಿ ಮಾಡುವವರು ಮೊದಲು ಎದುರಿಸಬೇಕಾದುದು ಈ ಪ್ರಶ್ನೆಯನ್ನೇ. ಸಾಧನಗಳಿಗೇನೂ ಕೊರತೆಯಿಲ್ಲ. ನಗರದ ವಾಯವ್ಯದ ಪೀಣ್ಯದಲ್ಲಿ ತಗಡನ್ನು ಬೆಳಕಿನ ಕಿರಣದಿಂದ ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸುವ ಯಂತ್ರಗಳಿವೆ. ಗಣಕವು ಕೊಟ್ಟ ಅಳತೆಯಂತೆ ಲೋಹವನ್ನು ಕೊರೆಯುವ ಯಂತ್ರಗಳಿವೆ. ಮಿಥಿಕ್ ಸೊಸೈಟಿಯು ೨೦೨೧ರಿಂದ ಬೆಂಗಳೂರು ಪ್ರದೇಶದ ಶಾಸನ ಶಿಲೆಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಾಡುವ ಕಾರ್ಯವನ್ನು ಕೈಗೊಂಡಿರುವುದರಿಂದ ಕಲ್ಲಿನ ಮೇಲಿನ ಸಣ್ಣ ಗೀರು ಸಹ ಅಳತೆಗೆ ಸಿಕ್ಕುವಂತಾಗಿದೆ. ಆದರೆ ಅಳತೆಯ ನಿಖರತೆಯೇ ಬೇರೆ, ಚರಿತ್ರೆಯ ಯಾಥಾರ್ಥ್ಯವೇ ಬೇರೆ. ತಪ್ಪು ಪ್ರಮಾಣವನ್ನು ಹಿಡಿದು ಮಾಡಿದ ವಸ್ತು ಎಷ್ಟು ನಿಖರವಾಗಿದ್ದರೆ ಅಷ್ಟು ಬಲವಾಗಿ ಸುಳ್ಳನ್ನು ನಂಬಿಸುತ್ತದೆ.

ಜನರ ಕಣ್ಣಿಗೆ ಕಟ್ಟಿರುವ ಕನ್ನಡ ಯೋಧನ ಚಿತ್ರವು ರಂಗಭೂಮಿಯಿಂದಲೂ ಚಲನಚಿತ್ರದಿಂದಲೂ ಬಂದುದು. 'ರಣಧೀರ ಕಂಠೀರವ' (೧೯೬೦), 'ಇಮ್ಮಡಿ ಪುಲಿಕೇಶಿ' (೧೯೬೭), 'ಶ್ರೀ ಕೃಷ್ಣದೇವರಾಯ' (೧೯೭೦), 'ಮಯೂರ' (೧೯೭೫) ಎಂಬ ನಾಲ್ಕು ಚಿತ್ರಗಳ ಕಥಾಕಾಲವು ಕದಂಬರ ನಾಲ್ಕನೆಯ ಶತಮಾನದಿಂದ ಮೈಸೂರಿನ ಹದಿನೇಳನೆಯ ಶತಮಾನದವರೆಗೆ ಹರಡಿದೆ. ಇಂತಹ ಚಿತ್ರಗಳನ್ನು ನೋಡಿದವರ ನೆನಪಿನಲ್ಲಿ ಉಳಿಯುವ ಯೋಧನಾದರೋ ಒಬ್ಬನೇ: ಎದೆಯ ಮೇಲೆ ಹೊಳೆಯುವ ಲೋಹದ ಫಲಕ, ತಲೆಯ ಮೇಲೆ ಕಿರೀಟದಂತಹ ಶಿರಸ್ತ್ರಾಣ. ಇದಕ್ಕಾಗಿ ನಾಟಕದವರನ್ನು ದೂಷಿಸುವುದು ನ್ಯಾಯವಲ್ಲ. ದೀಪದ ಬೆಳಕಿಗೆ ಹೊಳಪು ಬೇಕು. ಹತ್ತಿಯ ದಪ್ಪ ಅಂಗಿ ತೊಟ್ಟ ನಾಯಕನು ದೂರದ ಪ್ರೇಕ್ಷಕನಿಗೆ ನಾಯಕನಾಗಿ ಕಾಣಲಾರನು. ದೋಷವು ಹುಟ್ಟುವುದು, ಅದೇ ವೇಷವು ರಂಗದಿಂದಿಳಿದು ಉತ್ಸವದ ಮೆರವಣಿಗೆಗೂ ಶಾಲೆಯ ಪ್ರದರ್ಶನಕ್ಕೂ ನಾಲ್ಕು ದಾರಿ ಕೂಡುವ ಕಡೆಯ ಪ್ರತಿಮೆಗೂ ಬಂದು ಸೇರಿ, 'ಐತಿಹಾಸಿಕ ಪ್ರತಿಕೃತಿ' ಎಂಬ ಹೆಸರನ್ನು ಪಡೆದಾಗ.

ಯಾಥಾರ್ಥ್ಯವನ್ನು ಬಯಸುವ ನಿರ್ಮಾಪಕನಿಗೆ ದೊರೆಯುವ ಪ್ರಮಾಣಗಳು ನಾಲ್ಕು ಬಗೆ: ಶಿಲ್ಪ, ಕಾವ್ಯ, ಪ್ರವಾಸಿಗಳ ವರ್ಣನೆ, ಉಳಿದು ಬಂದ ವಸ್ತು. ಇವುಗಳಲ್ಲಿ ಯಾವುದೂ ತಾನೊಂದೇ ಸಾಲದು.

ಮೊದಲನೆಯದಾಗಿ ಶಿಲ್ಪ. ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾದುವ ವೀರನು ಬಹುಮಟ್ಟಿಗೆ ಬರಿಮೈಯವನು. ಸೊಂಟದಲ್ಲಿ ಬಿಗಿದುಟ್ಟ ವಸ್ತ್ರ, ನಡುಪಟ್ಟಿ, ಅದರಲ್ಲಿ ಸಿಕ್ಕಿಸಿದ ಕಠಾರಿ, ಕಟ್ಟಿದ ಮುಡಿ, ಕೈಯಲ್ಲಿ ಹರಿಗೆ ಅಥವಾ ಬಿಲ್ಲು. ಎದೆಯ ಮೇಲೆ ಕವಚವಿಲ್ಲ. ಇಷ್ಟರಿಂದಲೇ ಗಂಗರ ಕಾಲದಲ್ಲಿ ಕವಚವಿರಲಿಲ್ಲವೆಂದು ಹೇಳಬಹುದೇ? ನಮ್ಮ ತರ್ಕಶಾಸ್ತ್ರವು ಇದಕ್ಕೊಂದು ಅಳತೆಗೋಲನ್ನು ಕೊಟ್ಟಿದೆ. ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿದ್ದ ಕಡೆ ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧವಾಗುತ್ತದೆ, ಇದು ಯೋಗ್ಯಾನುಪಲಬ್ಧಿ. ಕಠಾರಿಯ ಹಿಡಿಯನ್ನೂ ವಸ್ತ್ರದ ನಿರಿಗೆಯನ್ನೂ ಬಿಡದೆ ಕಡೆದ ಶಿಲ್ಪಿಯು ಕವಚವನ್ನು ಮರೆತನೆಂಬುದು ಸಂಭಾವ್ಯವಲ್ಲ. ಇದು ಒಂದು ಪಕ್ಷ. ಮೇಲಿನ ಪಟ್ಟಿಕೆಗಳಲ್ಲಿ ಅಪ್ಸರೆಯರ ನಡುವೆ ಸ್ವರ್ಗಕ್ಕೇರಿ ಶಿವನ ಸನ್ನಿಧಿಯಲ್ಲಿ ಕೂರುವವನು ಈ ವೀರನೇ ಆದುದರಿಂದ ಅವನಿಗೆ ದೇವತೆಗಳಿಗೆ ಸಲ್ಲುವ ತೆರೆದ ಮೈಯನ್ನೇ ಶಿಲ್ಪಿಯು ಕೊಟ್ಟಿರಬಹುದು; ಇದು ಎರಡನೆಯ ಪಕ್ಷ. ಊರಿನ ದನಗಳನ್ನು ಬಿಡಿಸಲು ಎದ್ದುಹೋದ ಸಾಮಾನ್ಯನ ವಿಷಯದಲ್ಲಿ ಮೊದಲನೆಯದೂ, ಆನೆ ಕುದುರೆಗಳ ಒಡೆಯನಾದ ಸಾಮಂತನ ವಿಷಯದಲ್ಲಿ ಎರಡನೆಯದೂ ಹೆಚ್ಚು ಒಪ್ಪುತ್ತದೆ. ಆದುದರಿಂದ ವೀರಗಲ್ಲನ್ನು ನೋಡಿ ಕಾಲಾಳಿನ ಪ್ರತಿಕೃತಿಯನ್ನು ಮಾಡುವವನು ಅವನ ಎದೆಯನ್ನು ತೆರೆದೇ ಬಿಡುವುದು ಸರಿಯಾದ ಮಾರ್ಗ.

ಶಿಲ್ಪದ ಇನ್ನೊಂದು ತೊಡಕು ದ್ರವ್ಯದ್ದು. ಕಲ್ಲಿನ ಯೋಧನ ಅಂಗಿಯ ಮೇಲೆ ಚೌಕುಳಿ ಗೀರುಗಳು ಕಂಡರೆ ಅವು ಹತ್ತಿಯ ಪದರಗಳ ಮೇಲಿನ ಹೊಲಿಗೆಯಿರಬಹುದು, ಚರ್ಮದ ಹಲ್ಲೆಗಳಿರಬಹುದು, ಲೋಹದ ತುಣುಕುಗಳಿರಬಹುದು, ಬರಿಯ ಬಟ್ಟೆಯ ಚಿತ್ತಾರವೂ ಇರಬಹುದು. ಕಲ್ಲು ಆಕಾರವನ್ನು ಹೇಳುತ್ತದೆ. ಅದು ಯಾವುದರಿಂದ ಆದುದೆಂಬುದನ್ನು ಹೇಳುವುದಿಲ್ಲ. ಸ್ಕ್ಯಾನು ಎಷ್ಟು ಸೂಕ್ಷ್ಮವಾದರೂ ಈ ಮೌನವನ್ನು ಮುರಿಯಲಾರದು. ಮೇಲಾಗಿ ಉಬ್ಬುಶಿಲ್ಪದಲ್ಲಿ ದೇಹವನ್ನು ಕೆಲವೇ ಅಂಗುಲದ ಆಳಕ್ಕೆ ಕುಗ್ಗಿಸಿರುವುದರಿಂದ ಅಲ್ಲಿಯ ಅಳತೆಗಳನ್ನು ಮನುಷ್ಯನ ಮೈಗೆ ಹಾಗೆಯೇ ಹಿಗ್ಗಿಸುವುದು ಶಿಲ್ಪಿಯ ಸಂಕೇತವನ್ನು ದರ್ಜಿಯ ಅಳತೆಯೆಂದು ಭ್ರಮಿಸಿದಂತೆ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಸಾಲುಸಾಲಾಗಿ ನಡೆಯುವ ಆನೆ, ಕುದುರೆ, ಕಾಲಾಳುಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಎರಡನೆಯದು ಕಾವ್ಯ. ಕವಚ, ಜೋಡು, ಸೀಸಕ, ಬಾಹುರಕ್ಷೆ, ಹರಿಗೆ ಮೊದಲಾದ ಶಬ್ದಗಳು ಕನ್ನಡದಲ್ಲಿ ಹೇರಳವಾಗಿವೆ. ಪಂಪನು ತಾನೇ ಯುದ್ಧವನ್ನು ಬಲ್ಲ ಕವಿ. ಕುಮಾರವ್ಯಾಸನ ಯುದ್ಧಪರ್ವಗಳು ಆಯುಧಗಳ ಹೆಸರಿಗೆ ಒಂದು ಭಂಡಾರ. ಆದರೆ ಕವಿಯು ಧರಿಸಿರುವುದು ಕರ್ಣಾರ್ಜುನರ ಕವಚವನ್ನು. ಹೆಸರು ಅವನ ಕಾಲದ್ದಾದರೂ ಅತಿಶಯವು ಪುರಾಣದ್ದು. ಜೋಡು ಎಂಬ ಶಬ್ದವು ಒಂದು ರಕ್ಷೆಯಿತ್ತೆಂದು ಸಾಧಿಸುತ್ತದೆ. ಅದು ಬಳೆಗಳ ಬಲೆಯೋ, ತಗಡಿನ ಜೋಡಣೆಯೋ, ಹೊಲಿದ ಬಟ್ಟೆಯೋ ಎಂಬುದನ್ನು ಸಾಧಿಸುವುದಿಲ್ಲ. ನಿಘಂಟನ್ನು ತೆರೆದಿಟ್ಟುಕೊಂಡು ಕಬ್ಬಿಣವನ್ನು ಬಡಿಯಲು ಬಾರದು.

ಮೂರನೆಯ ಪ್ರಮಾಣವಾದ ಪ್ರವಾಸಿಯ ಮಾತು ಈ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳದ್ದು. ೧೫೨೦ರ ಸುಮಾರಿನಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ ದೊಮಿಂಗೊ ಪಾಯೆಸನು ಮಹಾನವಮಿಯ ಸೈನ್ಯದರ್ಶನವನ್ನು ಕಣ್ಣಾರೆ ಕಂಡು ಬರೆದನು. ರಾಬರ್ಟ್ ಸಿವೆಲ್ ಅವರು ೧೯೦೦ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ರಾವುತರ ಮೈಮೇಲಿನದು ದಪ್ಪವಾಗಿ ಹೊಲಿದ ಅಂಗಿ. ಕೆಲವು ಬಲವಾದ ಹಸಿಚರ್ಮದ ಪದರಗಳಿಂದ ಆದುವು. ಅವುಗಳನ್ನು ಗಟ್ಟಿಗೊಳಿಸಲು ಕಬ್ಬಿಣದ ಹಲ್ಲೆಗಳು, ಅವುಗಳಲ್ಲಿ ಕೆಲವಕ್ಕೆ ಚಿನ್ನದ ಮುಲಾಮು. ಶಿರಸ್ತ್ರಾಣಕ್ಕೆ ಕತ್ತನ್ನು ಮುಚ್ಚುವ ಅಂಚು, ಮುಖವನ್ನು ಕಾಯುವ ಒಂದು ಭಾಗ. ಕುದುರೆಗಳಿಗೆ ಹಣೆಯ ಫಲಕ. ಇಲ್ಲಿ ಮುಖ್ಯವಾದುದು ಕ್ರಮ: ಮೊದಲು ಬಟ್ಟೆ ಮತ್ತು ಚರ್ಮ, ಆಮೇಲೆ ಲೋಹ. ಯೂರೋಪಿನ ಎದೆಫಲಕವನ್ನು ಚೆನ್ನಾಗಿ ಬಲ್ಲ ಪೋರ್ಚುಗೀಸನು ಈ ಅಂಗಿಯನ್ನು ಹೊಲಿದ ವಸ್ತ್ರವೆಂದು ಗುರುತಿಸಿದನೆಂಬುದು ಗಮನಾರ್ಹ. ಆದರೆ ಅವನು ಕಂಡುದು ಉತ್ಸವದ ದಿನದ ಸೈನ್ಯ. ಆ ಚಿನ್ನ ಬೆಳ್ಳಿಗಳನ್ನು ರಾಯಚೂರಿನ ರಣರಂಗಕ್ಕೂ ಆರೋಪಿಸಬಾರದು.

ನಾಲ್ಕನೆಯದು ಉಳಿದು ಬಂದ ವಸ್ತು. ಇದರಲ್ಲಿ ಕನ್ನಡನಾಡು ನಿರ್ಭಾಗ್ಯ. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದ ವಿಸ್ಬಿಯಲ್ಲಿ ೧೩೬೧ರಲ್ಲಿ ಸತ್ತವರನ್ನು ಕವಚಸಹಿತವಾಗಿ ಹೂಳಿದುದರಿಂದ, ಆ ಗುಂಡಿಗಳನ್ನು ಅಗೆದು ಬೆಂಗ್ಟ್ ಥೋರ್ಡೆಮನ್ ಅವರು ೧೯೩೯ರಲ್ಲಿ ಪ್ರಕಟಿಸತೊಡಗಿದ ಗ್ರಂಥವು ಒಂದೊಂದು ಹಲ್ಲೆಯ ಸ್ಥಾನವನ್ನೂ ತೋರಿಸಬಲ್ಲದಾಯಿತು. ಇಲ್ಲಿ ದಹನಸಂಸ್ಕಾರ, ಮಳೆ, ಗೆದ್ದಲು, ಹಳೆಯ ಕಬ್ಬಿಣವನ್ನು ಮತ್ತೆ ಕುಲುಮೆಗೆ ಹಾಕುವ ಪದ್ಧತಿ ಇವೆಲ್ಲವೂ ಸೇರಿ ಸಾಕ್ಷ್ಯವನ್ನು ನುಂಗಿವೆ. ದಖ್ಖನಿನ ಆಯುಧಗಳಲ್ಲಿ ಗಣನೀಯವಾದ ಒಂದು ಸಂಗ್ರಹ ಉಳಿದಿರುವುದು ಬೀಕಾನೇರಿನಲ್ಲಿ. ವಿಜಯನಗರದ ಬಳಿಕ ಬಿಜಾಪುರದ ವಶದಲ್ಲಿದ್ದ ಆದವಾನಿಯ ಕೋಟೆಯು ೧೬೮೦ರ ದಶಕದ ಕೊನೆಯಲ್ಲಿ ಮೊಗಲರಿಗೆ ಬಿದ್ದಾಗ ಅಲ್ಲಿಯ ಆಯುಧಗಳನ್ನು ಅನೂಪಸಿಂಹನು ತನ್ನ ರಾಜಧಾನಿಗೆ ಸಾಗಿಸಿದನು. ಆದವಾನಿಯ ಹೆಸರನ್ನು ಹೇಳುವ ಬರಹಗಳು ಅವುಗಳ ಮೇಲಿವೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಇಂಗ್ಲೆಂಡಿಗೆ ಹೋದ ವಸ್ತುಗಳಲ್ಲಿ ಮೈಸೂರಿನ ಹೊಲಿದ ಬಟ್ಟೆಯ ಕವಚಗಳೂ ಇವೆ. ಇವು ಬೇಗೂರಿನ ಕಾಳಗಕ್ಕಿಂತ ಏಳೆಂಟು ಶತಮಾನಗಳಷ್ಟೋ ಅದಕ್ಕೂ ಹೆಚ್ಚೋ ಈಚಿನವು. ಎಗರ್ಟನ್ ಅವರು ೧೮೮೦ರಲ್ಲಿ ಪ್ರಕಟಿಸಿದ ಭಾರತೀಯ ಆಯುಧಗಳ ಕೈಪಿಡಿಯು ಪೂಜ್ಯವಾದ ಗ್ರಂಥವೇ; ಆದರೆ ಅದರ ವಸ್ತುಗಳು ಬಹುಮಟ್ಟಿಗೆ ಈಚಿನ ಶತಮಾನಗಳವು. ಅದರ ಚಿತ್ರಪಟವನ್ನು ನೋಡಿ ಹೊಯ್ಸಳ ಯೋಧನಿಗೆ ಉಕ್ಕಿನ ಅಂಗಿಯನ್ನು ತೊಡಿಸುವುದು, ವಿಷ್ಣುವರ್ಧನನ ಕೈಗೆ ಬಂದೂಕನ್ನು ಕೊಟ್ಟಂತೆ.

ಈ ವಿಮರ್ಶೆಯಿಂದ ಫಲಿಸುವುದಿಷ್ಟು: ಕನ್ನಡನಾಡಿನ ಮಧ್ಯಯುಗದ ಕವಚವನ್ನು ಮರಳಿ ಮಾಡುವ ಕೆಲಸವು ಕಮ್ಮಾರನ ಅಡಿಗಲ್ಲಿಗಿಂತ ಮೊದಲು ಹೊಲಿಗೆಯವರ ಸೂಜಿಯಿಂದ ಆರಂಭವಾಗಬೇಕು. ಪಾಯೆಸನ ಹೊಲಿದ ಅಂಗಿಗೂ ಮೈಸೂರಿನ ಬಟ್ಟೆಯ ಕವಚಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದ್ದರೂ ಹತ್ತಿಯ ಆಧಾರವು ಎರಡಕ್ಕೂ ಸಮಾನ. ಉಷ್ಣದೇಶದಲ್ಲಿ ಹತ್ತಿ ಬೆಳೆಯುವ ಜನರಿಗೆ ಇದು ಸಹಜ. ಹಳೆಯ ಬಟ್ಟೆಯ ಪದರಗಳನ್ನು ಒಂದರ ಮೇಲೊಂದಿಟ್ಟು ಒತ್ತಾಗಿ ಹೊಲಿಗೆ ಹಾಕುವ ಕೌದಿಯ ಕಲೆ ಉತ್ತರ ಕರ್ನಾಟಕದ ಹೆಂಗಸರ ಕೈಯಲ್ಲಿ ಇಂದಿಗೂ ಜೀವಂತವಾಗಿದೆ. ಕೌದಿಯು ಕವಚವಲ್ಲ, ಆದರೆ ಪದರ ಎಷ್ಟಾದರೆ ಸೂಜಿ ಹೋಗುವುದಿಲ್ಲ, ಹೊಲಿಗೆ ಎಷ್ಟು ಒತ್ತಾದರೆ ಬಟ್ಟೆ ಮಡಿಯುವುದಿಲ್ಲ ಎಂಬುದನ್ನು ಬಲ್ಲವರು ಆ ಹೆಂಗಸರು. ದ್ರವ್ಯದಲ್ಲಿಯೂ ವಿವೇಕ ಬೇಕು. ಧಾರವಾಡದ ಕಡೆಗೆ ಅಮೆರಿಕದ ಹತ್ತಿ ಬಂದುದು ೧೮೪೦ರ ದಶಕದಲ್ಲಿ. ಅದಕ್ಕೆ ಹಿಂದಿನದು ಗಿಡ್ಡ ಎಳೆಯ ನಾಡಹತ್ತಿ. ಉದ್ದ ಎಳೆಯ ಹತ್ತಿಯಿಂದ ಗಿರಣಿಯಲ್ಲಾದ ಬಟ್ಟೆಯಿಂದ ಮಾಡಿದ ಅಂಗಿಯನ್ನು ಕತ್ತಿಯಿಂದ ಪರೀಕ್ಷಿಸಿ, ವಿಜಯನಗರದ ಕವಚದ ಬಲವಿಷ್ಟು ಎಂದು ಹೇಳುವುದು ಅಸಾಧು.

ಲೋಹದ ಭಾಗಕ್ಕೂ ಇದೇ ನ್ಯಾಯ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಇಲ್ಲಿಯ ಕಬ್ಬಿಣ ಉಕ್ಕುಗಳ ಕುಲುಮೆಗಳನ್ನು ವಿವರವಾಗಿ ಬಣ್ಣಿಸಿದ್ದಾನೆ. ಆ ಕುಲುಮೆಯ ಕಬ್ಬಿಣದಲ್ಲಿ ಕಿಟ್ಟದ ಎಳೆಗಳು ಉಳಿಯುತ್ತವೆ. ಬಡಿದು ಮಾಡಿದ ಹಲ್ಲೆ ನಡುವೆ ದಪ್ಪ, ಅಂಚಿಗೆ ತೆಳುವು. ಪೀಣ್ಯದ ತಗಡಾದರೋ ಉರುಳೆಯಲ್ಲಿ ಹಾದು ಬಂದುದರಿಂದ ಎಲ್ಲೆಡೆ ಒಂದೇ ದಪ್ಪ, ಒಂದೇ ಗುಣ. ಬಳೆಕವಚದಲ್ಲಿ ಭೇದವು ಇನ್ನೂ ಸ್ಪಷ್ಟ. ಒಂದು ಅಂಗಿಗೆ ಸಾವಿರಾರು ಬಳೆಗಳು ಬೇಕು. ಪ್ರತಿಯೊಂದು ಬಳೆಯು ನಾಲ್ಕು ಬಳೆಗಳನ್ನು ಹಿಡಿಯುತ್ತದೆ. ಯುದ್ಧಕ್ಕಾಗಿ ಮಾಡಿದವುಗಳಲ್ಲಿ ಬಳೆಯ ತುದಿಗಳನ್ನು ಚಪ್ಪಟೆಯಾಗಿ ಬಡಿದು, ತೂತು ಮಾಡಿ, ಸಣ್ಣ ಮೊಳೆಯಿಂದ ಬಿಗಿಯುವುದು ವಾಡಿಕೆ. ತುದಿಗಳನ್ನು ಬರಿದೇ ಕೂಡಿಸಿ ಬಿಟ್ಟ ಅಗ್ಗದ ಪ್ರತಿಕೃತಿಯು ದೂರದಿಂದ ಒಂದೇ ರೀತಿ ಕಂಡರೂ ಈಟಿಯ ಒಂದು ತಿವಿತಕ್ಕೆ ಬಾಯಿ ತೆರೆಯುತ್ತದೆ. ಕಣ್ಣಿಗೆ ಒಪ್ಪುವ ಪ್ರತಿಕೃತಿಗೂ ಕೆಲಸದಲ್ಲಿ ಒಪ್ಪುವ ಪ್ರತಿಕೃತಿಗೂ ಇರುವ ಅಂತರವಿದು.

ಯಂತ್ರವನ್ನು ಬಹಿಷ್ಕರಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಸ್ಕ್ಯಾನಿನಿಂದ ಹರಿಗೆಯ ಅಂಚನ್ನೂ ಕಠಾರಿಯ ಹಿಡಿಯನ್ನೂ ತಿಳಿಯಬಹುದು. ತಗಡನ್ನು ಯಂತ್ರದಲ್ಲಿ ಕತ್ತರಿಸಿ ಕೈಯಿಂದ ಬಡಿಯಬಹುದು. ಆದರೆ ಯಾವ ಭಾಗಕ್ಕೆ ಯಾವ ಪ್ರಮಾಣವೆಂಬುದನ್ನು ಮರೆಮಾಚಬಾರದು. ಪ್ರತಿಯೊಂದು ಪ್ರತಿಕೃತಿಯ ಜೊತೆಗೂ ಮೂರು ಕಲಮುಗಳ ಒಂದು ಪಟ್ಟಿಯಿರಲಿ: ದೃಷ್ಟ, ಶ್ರುತ, ಊಹ್ಯ. ಶಿಲ್ಪದಲ್ಲಿಯೋ ಉಳಿದ ವಸ್ತುವಿನಲ್ಲಿಯೋ ಕಂಡುದು ದೃಷ್ಟ. ಕಾವ್ಯ ಮತ್ತು ಪ್ರವಾಸಕಥನದಿಂದ ಬಂದುದು ಶ್ರುತ. ಇವೆರಡರ ನಡುವಿನ ತೆರವನ್ನು ತುಂಬಲು ನಿರ್ಮಾಪಕನು ಸೇರಿಸಿದುದು ಊಹ್ಯ. ಮೂರನೆಯ ಕಲಮು ಉದ್ದವಾದುದಕ್ಕೆ ನಾಚಬೇಕಾಗಿಲ್ಲ. ಅದನ್ನು ಬರೆಯದಿರುವುದಕ್ಕೆ ನಾಚಬೇಕು.

ಇದು ಬರಿಯ ಕುತೂಹಲದ ಮಾತಲ್ಲ. ಪ್ರತಿಕೃತಿಯು ಕಾಲಕ್ರಮದಲ್ಲಿ ತಾನೇ ಪ್ರಮಾಣವಾಗಿ ಬಿಡುತ್ತದೆ. ಇಂದು ಪ್ರದರ್ಶನದಲ್ಲಿ ನಿಂತ ಕವಚವು ನಾಳೆ ಪಠ್ಯಪುಸ್ತಕದ ಚಿತ್ರ, ನಾಡಿದ್ದು ಪ್ರತಿಮೆಯ ಮಾದರಿ. ಇತ್ತ ಮೂಲಪ್ರಮಾಣಗಳ ಸ್ಥಿತಿಯೇನು? ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ಹೆಬ್ಬಾಳದಲ್ಲಿ ಬೆಳಕಿಗೆ ಬಂದುದು ೨೦೧೮ರಲ್ಲಿ. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಕೆರೆಯಂಗಳಗಳಲ್ಲಿಯೂ ಗುಡಿಯ ಹಿತ್ತಲುಗಳಲ್ಲಿಯೂ ನಿಂತಿದ್ದ ಕಲ್ಲುಗಳ ಮೇಲೆ ರಸ್ತೆ, ಮನೆ, ಕಾರ್ಖಾನೆಗಳು ಏರುತ್ತ ಬಂದಿವೆ. ಒಂದು ವೀರಗಲ್ಲು ಅಡಿಪಾಯಕ್ಕೆ ಹೋದರೆ ಒಬ್ಬ ಯೋಧನ ಉಡುಪಿನ ಏಕೈಕ ದಾಖಲೆ ಹೋದಂತೆ. ಆ ತೆರವನ್ನು ತುಂಬಲು ಸಿದ್ಧವಾಗಿ ನಿಂತಿರುವುದು ನಾಟಕದ ಎದೆಫಲಕ. ತನ್ನ ಊರಿಗಾಗಿ ತೆರೆದ ಎದೆಯಿಂದ ಕಾದಿ ಸತ್ತವನಿಗೆ ಅವನು ಎಂದೂ ಕಾಣದ ಹೊಳೆಯುವ ಕವಚವನ್ನು ತೊಡಿಸುವುದು ಗೌರವದಂತೆ ತೋರಬಹುದು. ಅವನು ಕೊಟ್ಟುದೆಷ್ಟೆಂಬುದನ್ನು ಅದು ಮುಚ್ಚಿಬಿಡುತ್ತದೆ. ಆದುದರಿಂದ ಕವಚವನ್ನು ಮಾಡಬಯಸುವ ಸಂಸ್ಥೆಗಳು ಮೊದಲು ತಮ್ಮ ಸುತ್ತಲಿನ ಕಲ್ಲುಗಳನ್ನು ಎಣಿಸಿ, ಅಳೆದು, ಕಾಪಾಡಲಿ. ಕುಲುಮೆಗೆ ಬೆಂಕಿಯಿಡುವುದು ಆಮೇಲಿನ ಕೆಲಸ.