ಆನೆಯ ಊಟಕ್ಕೆ ಮೂಳೆಯ ಸಾಕ್ಷಿ

ಸಫಾರಿ ಜೀಪಿನಲ್ಲಿ ಕೂತವರು ಆನೆ ಕಂಡೊಡನೆ ಕಣ್ಣಲ್ಲೇ ಅಳೆಯುವುದು ದಂತವನ್ನು. ನನ್ನ ಮಟ್ಟಿಗೆ ಸೊಗಸೆಲ್ಲ ಇರುವುದು ಸೊಂಡಿಲ ತುದಿಯಲ್ಲಿ. ಅದು ಯಾವುದನ್ನು ಕೀಳುತ್ತದೆ, ಯಾವುದನ್ನು ಮುಟ್ಟದೆ ಬಿಡುತ್ತದೆ? ಬುಡಸಮೇತ ಕಿತ್ತ ಹುಲ್ಲನ್ನು ಮುಂಗಾಲಿಗೆ ಬಡಿದು, ಮಣ್ಣು ಉದುರಿಸಿ ಬಾಯಿಗಿಡುವ ಆ ನಾಜೂಕು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು.

ಈ ರುಚಿ ಹತ್ತಿಸಿದ್ದು ಪ್ರೊ. ರಾಮನ್ ಸುಕುಮಾರ್ ಅವರ ಬರಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳ್ ಅವರ ಶಿಷ್ಯರಾಗಿ, 1980ರ ದಶಕದ ಮೊದಲ ವರ್ಷಗಳಲ್ಲಿ ಅವರು ಹಾಸನೂರು, ಬಿಳಿಗಿರಿರಂಗನ ಬೆಟ್ಟದ ಆಸುಪಾಸಿನ ಆನೆಗಳ ಬೆನ್ನುಹತ್ತಿದರು. ಹೊಲಕ್ಕೆ ನುಗ್ಗುವುದರಲ್ಲಿ ಹೆಣ್ಣಾನೆಗಳ ಹಿಂಡಿಗಿಂತ ಬೆಳೆದ ಸಲಗಗಳೇ ಹಲವು ಪಟ್ಟು ಮುಂದು ಎಂದು ಲೆಕ್ಕಸಮೇತ ತೋರಿಸಿದರು. ಕಾಡುಹುಲ್ಲಿಗಿಂತ ಬೆಳೆಯಲ್ಲಿ ಪ್ರೋಟೀನು, ಸೋಡಿಯಂ ಹೆಚ್ಚು. ಮೈ ಬೆಳೆಸಿಕೊಂಡು ಹೆಣ್ಣಿಗಾಗಿ ಸೆಣಸಬೇಕಾದ ಸಲಗ, ಪ್ರಾಣಭಯ ಬಿಟ್ಟು ರಾಗಿಗೆ ಬಾಯಿ ಹಾಕುತ್ತದೆ. ಕಾಡಿನಲ್ಲಿ ಮೇವಿಲ್ಲ, ಅದಕ್ಕೇ ಬರುತ್ತವೆ ಎಂದು ಒಂದೇ ಉಸಿರಿಗೆ ತೀರ್ಪು ಕೊಡುವವರು ಇದನ್ನೊಮ್ಮೆ ಓದಬೇಕು.

ನನ್ನ ಅಚ್ಚುಮೆಚ್ಚು ಮಾತ್ರ ಮೂಳೆಯ ಪ್ರಸಂಗ. ಉಷ್ಣವಲಯದ ಬಹುತೇಕ ಹುಲ್ಲುಗಳು ಬಿಸಿಲಿನಿಂದ ಆಹಾರ ತಯಾರಿಸುವ ಬಗೆ ಬೇರೆ, ಗಿಡಮರಗಳದು ಬೇರೆ. ಹಾಗಾಗಿ ಎರಡರಲ್ಲೂ ಕಾರ್ಬನ್-13ರ ಪಾಲು ಒಂದೇ ಇರುವುದಿಲ್ಲ. ತಿಂದದ್ದರ ಗುರುತು ಮೂಳೆಯ ಕೊಲಾಜನ್‌ನಲ್ಲಿ ಉಳಿಯುತ್ತದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಅವರೊಡನೆ ಸೇರಿ ಸುಕುಮಾರ್ ಸತ್ತ ಆನೆಗಳ ಮೂಳೆ ಪರೀಕ್ಷಿಸಿದರೆ, ಮೈಗೆ ಹತ್ತಿದ್ದರಲ್ಲಿ ಸೊಪ್ಪು, ರೆಂಬೆ, ತೊಗಟೆಗಳದೇ ದೊಡ್ಡ ಪಾಲು! ಮಳೆಗಾಲದಲ್ಲಿ ಹುಲ್ಲಿನ ಮೇಲೇ ಬಿದ್ದಿರುವ ಆನೆಯನ್ನು ಕಂಡವರಾರೂ ಇದನ್ನು ಊಹಿಸಲಾರರು. ಬಲಿತು ಒಣಗಿದ ಹುಲ್ಲಿನಲ್ಲಿ ಪ್ರೋಟೀನು ತೀರಾ ಕಡಿಮೆ. ಹೊಟ್ಟೆ ತುಂಬೀತು, ಮೈ ಹಿಡಿಯದು. ಕಣ್ಣು ಕಂಡದ್ದನ್ನು ಮೂಳೆಯ ಬಳಿ ಮತ್ತೆ ವಿಚಾರಿಸುವ ಈ ಛಲವೇ ನನಗೆ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. 2006ರಲ್ಲಿ ಜಪಾನಿನ ಕಾಸ್ಮೋಸ್ ಪ್ರಶಸ್ತಿಯೂ ಸುಕುಮಾರ್ ಅವರಿಗೆ ಬಂತೆನ್ನಿ.

ಅವರ ಶಿಷ್ಯರಿಗೆ ಪಾಠ ಹೆಚ್ಚಾಗಿ ನಡೆದದ್ದು ಕಾಡಿನಲ್ಲೇ. ಮುದುಮಲೆಯಲ್ಲಿ 1988ರಲ್ಲಿ ಗುರುತು ಹಾಕಿದ 50 ಹೆಕ್ಟೇರ್ ಕಾಡಿದೆ. ಅಲ್ಲಿ ಒಂದು ಸೆಂಟಿಮೀಟರ್ ದಪ್ಪ ದಾಟಿದ ಪ್ರತಿ ಗಿಡಕ್ಕೂ ನಂಬರಿನ ಬಿಲ್ಲೆ. ಯಾವುದು ಉಳಿಯಿತು, ಯಾವುದು ಬೆಂಕಿಗೆ ಹೋಯಿತು, ಯಾವುದನ್ನು ಆನೆ ಮುರಿಯಿತು ಎಂದು ವರ್ಷವರ್ಷವೂ ತಲೆ ಎಣಿಸಬೇಕು. ಆನೆಗೆ ಬಲು ಪ್ರಿಯವಾದ ಬೆಂಡೆಮರ ಆ ಕಾಡಿನಲ್ಲಿ ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದುದು ಪತ್ತೆಯಾದದ್ದು ಈ ಬಿಲ್ಲೆಗಳಿಂದಲೇ.